ಅರ್ಧ ಖಾಲಿ ಇರಬೇಕಾದ ಡಿ ಡ್ರೈವ್ ‘ತುಂಬಿದೆ’ ಎನ್ನುತ್ತಿದೆ: ಫಾರ್ಮ್ಯಾಟ್ ಮಾಡದೆ ಸರಿಪಡಿಸಲು ದಾರಿ ಇದೆಯೇ?

ಬೆಟಗೇರಿಯ ಮುದ್ರಕ:

ಮಾನ್ಯರೆ, ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ಬಿಲ್ ಪುಸ್ತಕ, ಇವೇ ನಮ್ಮ ನಿತ್ಯದ ಕೆಲಸ. ವಿನ್ಯಾಸ ಮಾಡುವ ಕಂಪ್ಯೂಟರಿನಲ್ಲಿ ವಿಂಡೋಸ್ 10 ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿದೆ. ಕೋರೆಲ್‌ಡ್ರಾ ಮತ್ತು ಫೋಟೋಶಾಪ್ ಫೈಲ್‌ಗಳೆಲ್ಲ 1 ಟಿಬಿಯ ಬೇರೊಂದು ಹಾರ್ಡ್ ಡಿಸ್ಕ್‌ನಲ್ಲಿ, ಅಂದರೆ ಡಿ ಡ್ರೈವ್‌ನಲ್ಲಿವೆ.

ಈ ಡ್ರೈವ್‌ನ ಪ್ರಾಪರ್ಟೀಸ್ ತೆರೆದರೆ ಒಟ್ಟು 931 ಜಿಬಿಯಲ್ಲಿ 929 ಜಿಬಿ ಬಳಕೆಯಾಗಿದೆ ಎಂದು ತೋರಿಸುತ್ತದೆ. ಆದರೆ ಡ್ರೈವ್ ತೆರೆದು ಒಳಗಿನ ಎಲ್ಲ ಫೋಲ್ಡರ್‌ಗಳನ್ನು ಒಟ್ಟಿಗೆ ಆಯ್ದುಕೊಂಡು ನೋಡಿದರೆ 487 ಜಿಬಿ ಮಾತ್ರ ಬರುತ್ತದೆ. ಉಳಿದ 442 ಜಿಬಿ ಎಲ್ಲಿ ಹೋಯಿತೆಂದು ತಿಳಿಯುತ್ತಿಲ್ಲ. ರೀಸೈಕಲ್ ಬಿನ್ ಖಾಲಿ ಮಾಡಿದ್ದೇನೆ, ಡಿಸ್ಕ್ ಕ್ಲೀನಪ್ ನಡೆಸಿದ್ದೇನೆ, ಆಂಟಿವೈರಸ್‌ನಿಂದ ಪೂರ್ತಿ ತಪಾಸಣೆ ಮಾಡಿಸಿದ್ದೇನೆ. ಯಾವುದರಿಂದಲೂ ಗುರುತಿಸುವಷ್ಟು ಜಾಗ ಬಿಡುಗಡೆಯಾಗಲಿಲ್ಲ. ಹುಬ್ಬಳ್ಳಿಯ ಒಂದು ಅಂಗಡಿಯವರು ಡಿಸ್ಕ್ ಫಾರ್ಮ್ಯಾಟ್ ಮಾಡುವುದೊಂದೇ ಉಪಾಯವೆಂದು ಹೇಳಿದ್ದಾರೆ. ಲಗ್ನಸರಾಯಿಯ ಹೊತ್ತಿನಲ್ಲಿ, ಗ್ರಾಹಕರ ಹಳೆಯ ಕೆಲಸಗಳೆಲ್ಲ ಅದರಲ್ಲೇ ಇರುವಾಗ, ಅದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ. ಮುನ್ನೆಚ್ಚರಿಕೆಗಾಗಿ ಫೈಲ್‌ಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡುತ್ತಿರುವಾಗ, ಇಲ್ಲಿ 31 ಜಿಬಿ ಇದ್ದ ಚಿತ್ರಸಂಗ್ರಹದ ಫೋಲ್ಡರ್ ಅಲ್ಲಿ ಸುಮಾರು 55 ಜಿಬಿ ಜಾಗ ಹಿಡಿಯಿತು. ಎರಡೂ ಒಂದೇ ದೋಷದ ಲಕ್ಷಣಗಳೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಹುಬ್ಬಳ್ಳಿಯ ದುರಸ್ತಿಗಾರ:

ನಮಸ್ಕಾರ ಸರ್. ಫಾರ್ಮ್ಯಾಟ್ ಮಾಡುವ ಮಾತನ್ನು ಸದ್ಯಕ್ಕೆ ಪೂರ್ತಿ ಬದಿಗಿಡಿ. ಫಾರ್ಮ್ಯಾಟ್ ಮಾಡಿದರೆ ಡ್ರೈವ್ ಖಾಲಿಯೆಂದು ತೋರಿಸುವುದು ನಿಜ; ಆದರೆ ಜಾಗವನ್ನು ನುಂಗಿದ್ದು ಯಾವುದೆಂಬುದು ಅದರಿಂದ ಗೊತ್ತಾಗುವುದಿಲ್ಲ, ಮತ್ತು ಕಾರಣ ಹಾಗೆಯೇ ಉಳಿದರೆ ಕೆಲವು ತಿಂಗಳಲ್ಲಿ ತಾವು ಮತ್ತೆ ಇದೇ ಸ್ಥಿತಿಗೆ ಬರುತ್ತೀರಿ.

ತಾವು ಕೊಟ್ಟ ಎರಡು ಅಂಕಿಗಳಲ್ಲಿ ಒಂದು ಸುಳ್ಳು, ಇನ್ನೊಂದು ನಿಜ ಎಂದು ತಿಳಿಯಬಾರದು. ಎರಡನ್ನೂ ವಿಂಡೋಸ್ ಬೇರೆ ಬೇರೆ ದಾರಿಯಿಂದ ಲೆಕ್ಕ ಹಾಕುತ್ತದೆ. ತಮ್ಮ ಮುದ್ರಣಾಲಯದ ಕಾಗದದ ಗೋದಾಮನ್ನೇ ತೆಗೆದುಕೊಳ್ಳಿ: ಬಾಗಿಲ ಬಳಿಯ ದಾಸ್ತಾನು ಪುಸ್ತಕ ನೋಡಿ ಹೇಳುವವನೊಬ್ಬ, ತನ್ನ ಬಳಿ ಕೀಲಿ ಇರುವ ಕೋಣೆಗಳಿಗಷ್ಟೇ ಹೋಗಿ ರೀಮು ಎಣಿಸಿ ಬರುವವನು ಇನ್ನೊಬ್ಬ. ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ದಾಸ್ತಾನು ಪುಸ್ತಕದ ಕೆಲಸ ಮಾಡುವುದು ಬಿಟ್‌ಮ್ಯಾಪ್ ಎಂಬ ಗುಪ್ತ ಫೈಲ್. ಡಿಸ್ಕ್‌ನ ಪ್ರತಿಯೊಂದು ಕ್ಲಸ್ಟರ್, ಅಂದರೆ ಸಾಮಾನ್ಯವಾಗಿ 4 ಕೆಬಿಯ ತುಂಡು, ಖಾಲಿಯೋ ಬಳಕೆಯಲ್ಲಿದೆಯೋ ಎಂಬುದಕ್ಕೆ ಅದರಲ್ಲಿ ಒಂದೊಂದು ಗುರುತು ಇರುತ್ತದೆ. ಡ್ರೈವ್‌ನ ಪ್ರಾಪರ್ಟೀಸ್ ಹೇಳುವುದು ಆ ಲೆಕ್ಕವನ್ನು. ಫೋಲ್ಡರ್‌ಗಳನ್ನು ಆಯ್ದು ನೋಡಿದಾಗ ಬರುವ ಅಂಕಿಯಾದರೋ ತಮ್ಮ ಖಾತೆಗೆ ಕಾಣುವ ಮತ್ತು ತೆರೆಯಲು ಅನುಮತಿ ಇರುವ ಫೈಲ್‌ಗಳ ಮೊತ್ತ ಮಾತ್ರ. ಮರೆಮಾಡಿದ ಫೋಲ್ಡರ್ ಆಯ್ಕೆಗೇ ಸಿಗುವುದಿಲ್ಲ. ಅನುಮತಿ ಇಲ್ಲದ ಫೋಲ್ಡರ್ ಒಳಗೆ ಎಷ್ಟೇ ಇದ್ದರೂ ಅದು ಸೊನ್ನೆಯೆಂದೇ ಸೇರುತ್ತದೆ.

ಹೀಗಾಗಿ 442 ಜಿಬಿಯ ಅಂತರಕ್ಕೆ ಎರಡೇ ವಿವರಣೆಗಳಿವೆ. ಒಂದೋ ತಮಗೆ ಕಾಣದ ಫೈಲ್‌ಗಳು ನಿಜವಾಗಿಯೂ ಅಲ್ಲಿವೆ. ಇಲ್ಲವೇ ಖಾಲಿಯಾದ ಕ್ಲಸ್ಟರ್‌ಗಳೂ ಬಳಕೆಯಲ್ಲಿವೆ ಎಂದು ಬಿಟ್‌ಮ್ಯಾಪ್‌ನಲ್ಲಿ ತಪ್ಪಾಗಿ ಉಳಿದುಬಿಟ್ಟಿದೆ. ಕೆಲಸ ನಡೆಯುತ್ತಿರುವಾಗ ವಿದ್ಯುತ್ ಹೋಗಿ ಕಂಪ್ಯೂಟರ್ ಒಮ್ಮೆಲೇ ಆರಿದರೆ ಎರಡನೆಯದು ಸಂಭವಿಸಬಹುದು, ಆದರೆ ನೂರಾರು ಜಿಬಿಯ ಪ್ರಮಾಣದಲ್ಲಿ ಅದನ್ನು ಕಾಣುವುದು ಅಪರೂಪ. ನನ್ನ ಅನುಭವದಲ್ಲಿ ಇಂಥ ದೊಡ್ಡ ಅಂತರಕ್ಕೆ ಬಹುಪಾಲು ಮೊದಲನೆಯದೇ ಕಾರಣವಾಗಿರುತ್ತದೆ. ಆದರೂ ಊಹೆಯ ಮೇಲೆ ಏನನ್ನೂ ಅಳಿಸಬಾರದು.

ಎರಡರಲ್ಲಿ ಯಾವುದೆಂದು ತಿಳಿಯಲು ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಎಂಬ ಡಿಸ್ಕ್ ತಪಾಸಣೆಯ ಆಜ್ಞೆ ಸಾಕು. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಬಲಗ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅದರಲ್ಲಿ ಇಂಗ್ಲಿಷ್‌ನ ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಅಕ್ಷರಗಳನ್ನು ಕೂಡಿಸಿ ಬರೆದು, ಒಂದು ಜಾಗ ಬಿಟ್ಟು, ಡಿ ಅಕ್ಷರ ಮತ್ತು ಕೋಲನ್ ಹಾಕಿ ಎಂಟರ್ ಒತ್ತಿ. ಮುಂದೆ ಓರೆಗೆರೆಯ ಯಾವ ಸೂಚನೆಯನ್ನೂ ಸೇರಿಸಬೇಡಿ. ಹಾಗೆ ನಡೆಸಿದಾಗ ಅದು ಓದಿ ವರದಿ ಕೊಡುತ್ತದೆಯೇ ಹೊರತು ಡಿಸ್ಕ್‌ನಲ್ಲಿ ಏನನ್ನೂ ಬದಲಿಸುವುದಿಲ್ಲ. ನಡೆಸುವ ಮೊದಲು ಕೋರೆಲ್‌ಡ್ರಾ, ಫೋಟೋಶಾಪ್ ಎರಡನ್ನೂ ಮುಚ್ಚಿ, ಏಕೆಂದರೆ ಡ್ರೈವ್ ಬಳಕೆಯಲ್ಲಿದ್ದಾಗ ಇಲ್ಲದ ದೋಷಗಳನ್ನೂ ಅದು ಹೇಳುವುದುಂಟು.

ವರದಿಯ ಕೊನೆಯಲ್ಲಿ ಒಟ್ಟು ಜಾಗ, ಫೈಲ್‌ಗಳು ಹಿಡಿದ ಜಾಗ, ಸೂಚಿಗಳು (ಫೋಲ್ಡರ್‌ಗಳ ಪಟ್ಟಿಗಳು) ಹಿಡಿದ ಜಾಗ, ಕೆಟ್ಟ ಸೆಕ್ಟರ್‌ಗಳು (ಡಿಸ್ಕ್‌ನ ಕೆಟ್ಟುಹೋದ ಚಿಕ್ಕ ತುಂಡುಗಳು), ವ್ಯವಸ್ಥೆಯ ಬಳಕೆ, ಉಳಿದ ಜಾಗ ಎಂದು ಸಾಲಾಗಿ ಕೆಬಿಯಲ್ಲಿ ಬರುತ್ತದೆ. ಫೈಲ್‌ಗಳು ಹಿಡಿದ ಜಾಗ 900 ಜಿಬಿಯ ಆಸುಪಾಸಿನಲ್ಲಿದ್ದರೆ ಡ್ರೈವ್ ಸತ್ಯವನ್ನೇ ಹೇಳುತ್ತಿದೆ, ನಾವು ಕಾಣದ ಫೈಲ್‌ಗಳನ್ನು ಹುಡುಕಬೇಕು. ಅದು 487ರ ಹತ್ತಿರವೇ ಇದ್ದು, ಖಾಲಿ ಜಾಗವನ್ನು ಬಳಕೆಯಾದದ್ದೆಂದು ವಾಲ್ಯೂಮ್ ಬಿಟ್‌ಮ್ಯಾಪ್‌ನಲ್ಲಿ ಗುರುತಿಸಲಾಗಿದೆ ಎಂಬ ಅರ್ಥದ ಸಾಲು ಮೇಲೆ ಬಂದಿದ್ದರೆ ಲೆಕ್ಕವೇ ಕೆಟ್ಟಿದೆ ಎಂದರ್ಥ. ಆ ಅಂಕಿಗಳನ್ನು ಇಲ್ಲಿ ಹಾಕಿ, ಮುಂದಿನದನ್ನು ಹೇಳುತ್ತೇನೆ.

ಕೊಂಡದ್ದು 1 ಟಿಬಿ, ತೋರಿಸುವುದು 931 ಎಂಬುದರಲ್ಲಿ ಮೋಸವೇನಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಆ ವ್ಯತ್ಯಾಸ ಬರುತ್ತದೆ.

ಧಾರವಾಡದ ಬೋಧಕ:

ಮೇಲಿನ ಉತ್ತರವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸಬೇಕೆನಿಸಿತು. ಚೆಕ್‌ಡಿಸ್ಕ್‌ಗೆ ಓರೆಗೆರೆ ಎಫ್ ಅಥವಾ ಓರೆಗೆರೆ ಆರ್ ಸೇರಿಸಿ ದುರಸ್ತಿಗೆ ಇಳಿಯುವ ಪ್ರಸಂಗ ಬಂದರೆ, ಅದಕ್ಕೂ ಮೊದಲು ಡಿಸ್ಕ್‌ನ ಆರೋಗ್ಯವನ್ನು ನೋಡಿಕೊಳ್ಳಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವು ಡಿಸ್ಕ್ ತನ್ನ ಬಗ್ಗೆ ತಾನೇ ದಾಖಲಿಸಿಕೊಂಡ ಸ್ಮಾರ್ಟ್ ಮಾಹಿತಿಯನ್ನು ತೋರಿಸುತ್ತದೆ. ಅದರಲ್ಲಿ ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ ಸಂಖ್ಯೆ ಮತ್ತು ಇನ್ನೂ ತೀರ್ಮಾನವಾಗದ ಸೆಕ್ಟರ್‌ಗಳ ಸಂಖ್ಯೆ, ಅಂದರೆ 05 ಮತ್ತು ಸಿ5 ಎಂಬ ಸಾಲುಗಳು, ಸೊನ್ನೆಯಾಗಿದ್ದರೆ ಮುಂದುವರಿಯಬಹುದು. ಅವು ಏರುತ್ತಿದ್ದರೆ ಜಾಗದ ಚಿಂತೆ ಆಮೇಲೆ. ಮೊದಲು ಗ್ರಾಹಕರ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಇಳಿಸಿಕೊಳ್ಳಬೇಕು. ಓರೆಗೆರೆ ಆರ್ ಇಡೀ ಡಿಸ್ಕ್‌ನ ಪ್ರತಿ ಸೆಕ್ಟರನ್ನೂ ಓದುವುದರಿಂದ 1 ಟಿಬಿಗೆ ಗಂಟೆಗಟ್ಟಲೆ ಸಮಯ ಹಿಡಿಯುತ್ತದೆ, ಮತ್ತು ಸಾಯುತ್ತಿರುವ ಡಿಸ್ಕ್‌ಗೆ ಆ ಶ್ರಮವೇ ಕೊನೆಯ ಪೆಟ್ಟಾಗಬಹುದು.

ಬೆಟಗೇರಿಯ ಮುದ್ರಕ:

ಇಬ್ಬರಿಗೂ ಧನ್ಯವಾದಗಳು. ತಿಳಿಸಿದಂತೆ ಮಾಡಿ ನೋಡಿದೆ. 05 ಮತ್ತು ಸಿ5 ಎರಡೂ ಸೊನ್ನೆ ಇವೆ. ಚೆಕ್‌ಡಿಸ್ಕ್ ಯಾವ ದೋಷವನ್ನೂ ಹೇಳಲಿಲ್ಲ. ಕೆಟ್ಟ ಸೆಕ್ಟರ್ ಸೊನ್ನೆ. ಫೈಲ್‌ಗಳು ಹಿಡಿದ ಜಾಗವನ್ನು ಜಿಬಿಗೆ ತಿರುಗಿಸಿದರೆ ಸುಮಾರು 927 ಆಗುತ್ತದೆ. ಅಂದರೆ ಕಾಣದ ಫೈಲ್‌ಗಳು ನಿಜವಾಗಿಯೂ ಅಲ್ಲಿವೆ ಎಂದು ನಾನು ತಿಳಿದುಕೊಂಡಿದ್ದೇನೆ. ಅವು ಯಾವುವೆಂದು ನೋಡುವುದು ಹೇಗೆ? ಇನ್ನೊಂದು ವಿಷಯ ಹೇಳಬೇಕು: ಹಿಂದೆ ಈ ಕಂಪ್ಯೂಟರಿನಲ್ಲಿ ಬೇರೊಬ್ಬ ಆಪರೇಟರ್ ಕೆಲಸ ಮಾಡುತ್ತಿದ್ದರು. ಅವರು ಬಿಟ್ಟ ಮೇಲೆ ಸಿ ಡ್ರೈವ್‌ಗೆ ಹೊಸದಾಗಿ ವಿಂಡೋಸ್ ಹಾಕಿಸಲಾಯಿತು. ಡಿ ಡ್ರೈವನ್ನು ಮುಟ್ಟಿರಲಿಲ್ಲ.

ಹುಬ್ಬಳ್ಳಿಯ ದುರಸ್ತಿಗಾರ:

ಕೊನೆಯ ಎರಡು ವಾಕ್ಯಗಳು ಬಹಳ ಉಪಯೋಗದವು ಸರ್. ಈಗ ವಿಜ್‌ಟ್ರೀ ಎಂಬ ತಂತ್ರಾಂಶವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಿ ಡ್ರೈವ್ ಆಯ್ದುಕೊಳ್ಳಿ. ಅದು ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆಯುತ್ತ ಹೋಗದೆ ಎಲ್ಲ ಫೈಲ್‌ಗಳ ಪಟ್ಟಿಯಾದ ಎನ್‌ಟಿಎಫ್‌ಎಸ್‌ನ ಮಾಸ್ಟರ್ ಫೈಲ್ ಟೇಬಲನ್ನೇ ನೇರವಾಗಿ ಓದುವುದರಿಂದ, ತಮ್ಮ ಖಾತೆಗೆ ಅನುಮತಿ ಇಲ್ಲದ ಫೋಲ್ಡರ್‌ಗಳ ಗಾತ್ರವೂ ಅದರಲ್ಲಿ ಕಾಣುತ್ತದೆ. ತಮ್ಮ ವಿವರಣೆಯಿಂದ ನನಗೆ ಮೂರು ಕಡೆ ಅನುಮಾನವಿದೆ.

ಮೊದಲನೆಯದು ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಎಂಬ ಗುಪ್ತ ಫೋಲ್ಡರ್. ಡಿ ಡ್ರೈವ್‌ಗೆ ಸಿಸ್ಟಮ್ ಪ್ರೊಟೆಕ್ಷನ್ ಚಾಲೂ ಆಗಿದ್ದರೆ, ಅಥವಾ ಯಾವುದಾದರೂ ಬ್ಯಾಕಪ್ ತಂತ್ರಾಂಶ ಅದನ್ನು ಚಾಲೂ ಮಾಡಿದ್ದರೆ, ವಿಂಡೋಸ್ ಆಗಾಗ ಡ್ರೈವ್‌ನ ಸ್ಥಿತಿಯನ್ನು ಶ್ಯಾಡೋ ಕಾಪಿಯಾಗಿ ಹಿಡಿದಿಡುತ್ತದೆ. ಹಿಡಿದಿಡುವ ಕ್ಷಣದಲ್ಲಿ ಇದಕ್ಕೆ ಜಾಗ ಬೇಕಾಗುವುದು ಬಹಳ ಕಡಿಮೆ. ಆದರೆ ಆ ಬಳಿಕ ಯಾವುದಾದರೂ ಫೈಲಿನ ಮೇಲೆ ಹೊಸದನ್ನು ಬರೆಯಬೇಕಾದಾಗಲೆಲ್ಲ, ಹಳೆಯ ತುಂಡನ್ನು 16 ಕೆಬಿಯ ಅಳತೆಯಲ್ಲಿ ಮೊದಲು ಆ ಗುಪ್ತ ಫೋಲ್ಡರಿಗೆ ನಕಲು ಮಾಡಿಕೊಂಡು, ನಂತರವಷ್ಟೇ ಬರೆಯಲು ಬಿಡುತ್ತದೆ. ಪತ್ರ ಟೈಪ್ ಮಾಡುವ ಕಂಪ್ಯೂಟರಿನಲ್ಲಿ ಇದರಿಂದ ತೊಂದರೆಯಾಗದು. ದಿನವಿಡೀ ನೂರಾರು ಎಂಬಿಯ ಫೋಟೋಶಾಪ್ ಫೈಲ್‌ಗಳನ್ನು ಉಳಿಸುತ್ತ, ತಿದ್ದುತ್ತ, ಅಳಿಸುತ್ತ ಇರುವ ಮುದ್ರಣಾಲಯದಲ್ಲಿ ಈ ಸಂಗ್ರಹ ತೀರ ವೇಗವಾಗಿ ಬೆಳೆಯುತ್ತದೆ. ಸಾಮಾನ್ಯವಾಗಿ ಇದಕ್ಕೊಂದು ಮಿತಿ ಇರುತ್ತದೆ. ಆದರೆ ಮಿತಿಯೇ ಇಲ್ಲವೆಂದು ಇರಿಸುವುದೂ ಸಾಧ್ಯ, ಹಾಗಾದಾಗ ಅದು ಡ್ರೈವ್ ತುಂಬುವವರೆಗೂ ಬೆಳೆಯಬಲ್ಲದು.

ದಯವಿಟ್ಟು ಆ ಫೋಲ್ಡರಿನ ಅನುಮತಿಯನ್ನು ಬಲವಂತವಾಗಿ ಪಡೆದು ಒಳಗಿನ ಫೈಲ್‌ಗಳನ್ನು ಕೈಯಿಂದ ಅಳಿಸಬೇಡಿ. ಹಾಗೆ ಮಾಡಿ ಎನ್ನುವ ಸಲಹೆಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ, ಮತ್ತು ಅವು ಅಪಾಯಕಾರಿ. ಸರಿಯಾದ ದಾರಿ ಹೀಗಿದೆ: ದಿಸ್ ಪಿಸಿಯ ಪ್ರಾಪರ್ಟೀಸ್‌ನಿಂದ ಸಿಸ್ಟಮ್ ಪ್ರೊಟೆಕ್ಷನ್‌ಗೆ ಹೋಗಿ, ಡಿ ಡ್ರೈವ್ ಆಯ್ದು, ಕಾನ್ಫಿಗರ್ ಒತ್ತಿ. ಈಗಿನ ಬಳಕೆ ಎಷ್ಟು, ಗರಿಷ್ಠ ಮಿತಿ ಎಷ್ಟು ಎಂಬ ಎರಡೂ ಅಂಕಿಗಳು ಅಲ್ಲಿ ಕಾಣುತ್ತವೆ. ಅದರ ಕೆಳಗಿನ ಡಿಲೀಟ್ ಗುಂಡಿ ಹಳೆಯ ಶ್ಯಾಡೋ ಕಾಪಿಗಳನ್ನು ಕ್ರಮಬದ್ಧವಾಗಿ ತೆಗೆಯುತ್ತದೆ. ತಮ್ಮ ಈಗಿನ ಫೈಲ್‌ಗಳಿಗೆ ಅದರಿಂದ ಏನೂ ಆಗುವುದಿಲ್ಲ. ಒತ್ತುವ ಮೊದಲು ಒಮ್ಮೆ ಯೋಚಿಸಿ: ಈಚೆಗೆ ಯಾವುದಾದರೂ ಫೈಲ್ ತಪ್ಪಿ ಅಳಿದುಹೋಗಿದ್ದರೆ ಅಥವಾ ಹಳೆಯ ರೂಪದಲ್ಲಿ ಬೇಕಾಗಿದ್ದರೆ, ಆ ಫೈಲ್ ಇದ್ದ ಫೋಲ್ಡರ್ ಮೇಲೆ ಬಲಗ್ಲಿಕ್ ಮಾಡಿ ಪ್ರೀವಿಯಸ್ ವರ್ಶನ್ಸ್ ಎಂಬಲ್ಲಿಂದ ಅದನ್ನು ಮರಳಿ ಪಡೆಯಲು ಇದೇ ಕೊನೆಯ ಅವಕಾಶ.

ಎರಡನೆಯ ಅನುಮಾನ ಹಳೆಯ ಆಪರೇಟರ್ ಅವರ ರೀಸೈಕಲ್ ಬಿನ್. ಮೇಜಿನ ಪರದೆಯಲ್ಲಿ ಒಂದೇ ಬುಟ್ಟಿ ಕಾಣುತ್ತದಾದರೂ, ಪ್ರತಿ ಡ್ರೈವ್‌ನಲ್ಲೂ ಪ್ರತಿ ಬಳಕೆದಾರ ಖಾತೆಗೆ ಪ್ರತ್ಯೇಕ ಉಪಫೋಲ್ಡರ್ ಇರುತ್ತದೆ. ತಾವು ಖಾಲಿ ಮಾಡಿದ್ದು ತಮ್ಮ ಖಾತೆಯದನ್ನು ಮಾತ್ರ. ವಿಂಡೋಸ್ ಹೊಸದಾಗಿ ಹಾಕಿದಾಗ ಹಳೆಯ ಖಾತೆ ಹೋಯಿತು, ಆದರೆ ಡಿ ಡ್ರೈವ್‌ನಲ್ಲಿದ್ದ ಅದರ ಬುಟ್ಟಿ ಹಾಗೆಯೇ ಉಳಿಯಿತು; ಈಗ ಅದನ್ನು ಖಾಲಿ ಮಾಡುವ ಒಡೆಯನೇ ಇಲ್ಲ. ವಿಜ್‌ಟ್ರೀಯಲ್ಲಿ ರೀಸೈಕಲ್ ಬಿನ್ ಫೋಲ್ಡರಿನ ಒಳಗೆ ಎಸ್-1-5-21 ಎಂದು ಆರಂಭವಾಗುವ ಉದ್ದನೆಯ ಸಂಖ್ಯೆಗಳ ಹೆಸರಿನಲ್ಲಿ ಇವು ಕಾಣುತ್ತವೆ. ಒಳಗಿನ ಫೈಲ್‌ಗಳ ಹೆಸರು ಡಾಲರ್ ಚಿಹ್ನೆ ಮತ್ತು ಆರ್ ಅಕ್ಷರದಿಂದ ಶುರುವಾಗಿ ಅರ್ಥವಿಲ್ಲದ ಅಕ್ಷರಗಳಾಗಿರುತ್ತವೆ, ಆದರೆ ಚುಕ್ಕಿಯ ನಂತರದ ಭಾಗ ಮೊದಲಿನಂತೆಯೇ ಇರುತ್ತದೆ. ಹಾಗಾಗಿ ಕೋರೆಲ್‌ಡ್ರಾ ಫೈಲನ್ನು ಬೇರೆಡೆಗೆ ನಕಲು ಮಾಡಿ ತೆರೆದು ನೋಡಬಹುದು. ಡಾಲರ್ ಮತ್ತು ಐ ಇಂದ ಆರಂಭವಾಗುವ ಜೋಡಿ ಫೈಲಿನಲ್ಲಿ ಮೂಲ ಹೆಸರು, ಇದ್ದ ಸ್ಥಳ, ಅಳಿಸಿದ ದಿನಾಂಕ ದಾಖಲಾಗಿರುತ್ತವೆ. ಮುದ್ರಣಾಲಯದ ವಿಷಯದಲ್ಲಿ ನಾನು ಇದನ್ನು ಒತ್ತಿ ಹೇಳುತ್ತೇನೆ: ನೋಡದೆ ಅಳಿಸಬೇಡಿ.

ಮೂರನೆಯದು ಫೌಂಡ್ ಚುಕ್ಕಿ ಸೊನ್ನೆ ಸೊನ್ನೆ ಸೊನ್ನೆ ಎಂಬ ರೀತಿಯ ಹೆಸರಿನ ಗುಪ್ತ ಫೋಲ್ಡರ್‌ಗಳು. ವಿದ್ಯುತ್ ಹೋಗಿ ಬಂದ ನಂತರ ಚೆಕ್‌ಡಿಸ್ಕ್ ತಾನಾಗಿಯೇ ನಡೆದು, ಯಾವ ಫೈಲಿಗೆ ಸೇರಿದ್ದೆಂದು ತಿಳಿಯದ ತುಂಡುಗಳನ್ನು ಅಲ್ಲಿ ಇಟ್ಟಿರುತ್ತದೆ.

ಹಾವೇರಿಯ ಲಿನಕ್ಸ್ ಬಳಕೆದಾರ:

ಪ್ರಶ್ನೆ ವಿಂಡೋಸ್‌ನದ್ದಾದರೂ, ಇದೇ ತೊಂದರೆಯಿಂದ ಇಲ್ಲಿಗೆ ಬರುವ ಲಿನಕ್ಸ್ ಬಳಕೆದಾರರಿಗಾಗಿ ನಾಲ್ಕು ಮಾತು. ಅಲ್ಲಿಯೂ ಇಡೀ ಡಿಸ್ಕ್‌ನ ಲೆಕ್ಕ ಹೇಳುವ ಡಿಎಫ್ ಮತ್ತು ಫೈಲ್‌ಗಳನ್ನು ಕೂಡಿಸಿ ಹೇಳುವ ಡಿಯು ಎಂಬ ಎರಡು ಆಜ್ಞೆಗಳ ಉತ್ತರ ಹೊಂದದಿರುವುದು ಇದೇ ಕಾರಣದಿಂದ, ಆದರೆ ಅಪರಾಧಿ ಬೇರೆ. ಯಾವುದೋ ಪ್ರೋಗ್ರಾಂ ತೆರೆದಿಟ್ಟುಕೊಂಡ ಲಾಗ್ ಫೈಲನ್ನು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ. ಆ ಪ್ರೋಗ್ರಾಂ ಅದನ್ನು ಮುಚ್ಚುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಎಲ್‌ಎಸ್‌ಒಎಫ್ ಆಜ್ಞೆ ಅಂಥವನ್ನು ಪಟ್ಟಿ ಮಾಡುತ್ತದೆ, ಸಂಬಂಧಪಟ್ಟ ಸೇವೆಯನ್ನು ಮರುಪ್ರಾರಂಭಿಸಿದರೆ ಸಾಕು. ಜಾಗ ಕಣ್ಣಿಗೆ ಕಾಣುವಷ್ಟಿದ್ದೂ ತುಂಬಿದೆ ಎಂಬ ಸಂದೇಶ ಬಂದರೆ ಐನೋಡ್‌ಗಳು, ಅಂದರೆ ಪ್ರತಿ ಫೈಲಿಗೆ ಒಂದರಂತೆ ಬೇಕಾಗುವ ದಾಖಲೆಗಳು, ಮುಗಿದಿರಬಹುದು. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ರೂಟ್ ಎಂಬ ಆಡಳಿತ ಬಳಕೆದಾರನಿಗಾಗಿ ಪೂರ್ವನಿಯೋಜಿತವಾಗಿ ಶೇಕಡಾ 5ರಷ್ಟು ಕಾಯ್ದಿರಿಸಿರುವುದನ್ನೂ ಮರೆಯಬಾರದು. 1 ಟಿಬಿಯಲ್ಲಿ ಅದು ಸುಮಾರು 50 ಜಿಬಿ ಆಗುತ್ತದೆ.

ಬೆಟಗೇರಿಯ ಮುದ್ರಕ:

ಹುಬ್ಬಳ್ಳಿಯ ಸಹೋದರರು ಹೇಳಿದ ಮೂರೂ ಕಡೆ ಜಾಗ ಸಿಕ್ಕಿತು. ಸಿಸ್ಟಮ್ ಪ್ರೊಟೆಕ್ಷನ್ 271 ಜಿಬಿ ಹಿಡಿದಿತ್ತು, ಅದರ ಮಿತಿಯ ಗೆರೆ ನೂರಕ್ಕೆ ನೂರರಲ್ಲಿತ್ತು. ಹಳೆಯ ಆಪರೇಟರ್ ಅವರ ಬುಟ್ಟಿಯಲ್ಲಿ 158 ಜಿಬಿ, ಫೌಂಡ್ ಫೋಲ್ಡರ್‌ಗಳಲ್ಲಿ 12 ಜಿಬಿ ಇದ್ದವು. ಇವನ್ನು ಕೂಡಿಸಿದರೆ 441 ಆಗುತ್ತದೆ. ಲೆಕ್ಕ ಹೊಂದಿದ್ದು ಕಂಡು ಮನಸ್ಸು ಹಗುರಾಯಿತು.

ನೋಡದೆ ಅಳಿಸಬೇಡಿ ಎಂದಿದ್ದಕ್ಕೆ ವಿಶೇಷವಾಗಿ ಕೃತಜ್ಞನಾಗಿದ್ದೇನೆ. ಆ ಬುಟ್ಟಿಯಲ್ಲಿ ಒಂದು ಸಹಕಾರ ಸಂಘದ ಹಿಂದಿನ ವರ್ಷಗಳ ವರದಿಗಳ ಮೂಲ ಫೈಲ್‌ಗಳಿದ್ದವು. ಅವು ಕಳೆದುಹೋಗಿವೆಯೆಂದು ನಾವು ಪ್ರತಿ ವರ್ಷ ಹೊಸದಾಗಿ ಪುಟ ಕಟ್ಟುತ್ತಿದ್ದೆವು. ಬೇಕಾದವನ್ನು ಹೊರಗಿನ ಡಿಸ್ಕ್‌ಗೆ ತೆಗೆದಿಟ್ಟು ಉಳಿದದ್ದನ್ನು ಅಳಿಸಿದೆ, ಶ್ಯಾಡೋ ಕಾಪಿಗಳನ್ನೂ ತೆಗೆದೆ. ಈಗ ಡ್ರೈವ್ 443 ಜಿಬಿ ಖಾಲಿ ತೋರಿಸುತ್ತಿದೆ. ಸಿಸ್ಟಮ್ ಪ್ರೊಟೆಕ್ಷನನ್ನು ಡಿ ಡ್ರೈವ್‌ಗೆ ಪೂರ್ತಿ ನಿಲ್ಲಿಸಬೇಕೇ, ಮಿತಿ ಹಾಕಿದರೆ ಸಾಕೇ? ಹೊರಗಿನ ಡಿಸ್ಕ್‌ನಲ್ಲಿ ಫೋಲ್ಡರ್ ದೊಡ್ಡದಾದ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಹುಬ್ಬಳ್ಳಿಯ ದುರಸ್ತಿಗಾರ:

ಸಂತೋಷವಾಯಿತು ಸರ್. ತಮ್ಮಂಥ ಕೆಲಸಕ್ಕೆ ಶೇಕಡಾ 5ರ ಮಿತಿ, ಅಂದರೆ ಸುಮಾರು 46 ಜಿಬಿ, ಇಟ್ಟುಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ನಿನ್ನೆ ಮೊನ್ನೆ ತಪ್ಪಿ ಅಳಿಸಿದ ಫೈಲ್ ಮರಳಿ ಸಿಗುವ ಅನುಕೂಲ ಅದರಿಂದ ಉಳಿಯುತ್ತದೆ, ಮಿತಿ ಮುಟ್ಟಿದಾಗ ಹಳೆಯವು ತಾನಾಗಿ ಹೋಗುತ್ತವೆ. ಆದರೆ ಶ್ಯಾಡೋ ಕಾಪಿಯನ್ನು ಬ್ಯಾಕಪ್ ಎಂದು ನಂಬಬೇಡಿ; ಅದು ಇರುವುದು ಅದೇ ಡಿಸ್ಕ್‌ನಲ್ಲಿ, ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಮಿತಿ ಇಟ್ಟ ಮೇಲೆ ಒಂದೆರಡು ವಾರ ಬಿಟ್ಟು ಅದೇ ಪರದೆಯನ್ನು ಮತ್ತೆ ತೆರೆದು ನೋಡಿ. ಗೆರೆ ಪುನಃ ನೂರಕ್ಕೆ ಹೋಗಿದ್ದರೆ ಯಾವುದೋ ಬ್ಯಾಕಪ್ ತಂತ್ರಾಂಶ ಅದನ್ನು ಬದಲಿಸುತ್ತಿದೆ ಎಂದು ತಿಳಿದು ಅದನ್ನು ಹುಡುಕಬೇಕು.

ಧಾರವಾಡದ ಬೋಧಕ:

ಹೊರಗಿನ ಡಿಸ್ಕ್‌ನ ಸಂಗತಿ ಇದಕ್ಕೆ ಸಂಬಂಧಿಸಿದ್ದಲ್ಲ. ಅದರ ಪ್ರಾಪರ್ಟೀಸ್‌ನಲ್ಲಿ ಫೈಲ್ ಸಿಸ್ಟಮ್ ಎಂಬ ಸಾಲನ್ನು ನೋಡಿ; ಅಲ್ಲಿ ಎನ್‌ಟಿಎಫ್‌ಎಸ್ ಬದಲು ಎಕ್ಸ್‌ಫ್ಯಾಟ್ ಎಂಬ ಬೇರೆ ವ್ಯವಸ್ಥೆಯ ಹೆಸರಿದ್ದರೆ ವಿವರಣೆ ಸರಳವಾಗಿದೆ. ವಿಂಡೋಸ್‌ನಲ್ಲಿ 32 ಜಿಬಿಗಿಂತ ದೊಡ್ಡ ಎಕ್ಸ್‌ಫ್ಯಾಟ್ ಡಿಸ್ಕ್‌ನ ಪೂರ್ವನಿಯೋಜಿತ ಕ್ಲಸ್ಟರ್ 128 ಕೆಬಿ. ಎರಡು ಫೈಲ್‌ಗಳು ಒಂದೇ ಕ್ಲಸ್ಟರನ್ನು ಹಂಚಿಕೊಳ್ಳುವಂತಿಲ್ಲವಾದ್ದರಿಂದ, 4 ಕೆಬಿಯ ಚಿಕ್ಕ ಚಿತ್ರವೂ ಅಲ್ಲಿ 128 ಕೆಬಿ ಹಿಡಿಯುತ್ತದೆ. ತಮ್ಮ ಚಿತ್ರಸಂಗ್ರಹದಲ್ಲಿ ಅಂಥ ಸಣ್ಣ ಫೈಲ್‌ಗಳು ಎರಡು ಲಕ್ಷದಷ್ಟಿವೆ ಎಂದುಕೊಂಡರೆ, ಎನ್‌ಟಿಎಫ್‌ಎಸ್‌ನಲ್ಲಿ ಅವು ಸುಮಾರು 780 ಎಂಬಿ, ಎಕ್ಸ್‌ಫ್ಯಾಟ್‌ನಲ್ಲಿ 24 ಜಿಬಿಗಿಂತ ಹೆಚ್ಚು. 31 ಜಿಬಿ 55 ಆದದ್ದು ಬಹುಶಃ ಹೀಗೆಯೇ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಸೈಜ್ ಮತ್ತು ಸೈಜ್ ಆನ್ ಡಿಸ್ಕ್ ಎಂಬ ಎರಡು ಸಾಲುಗಳನ್ನು ಹೋಲಿಸಿದರೆ ಖಚಿತವಾಗುತ್ತದೆ.

ಎಕ್ಸ್‌ಫ್ಯಾಟನ್ನು ಇದ್ದಲ್ಲಿಯೇ ಎನ್‌ಟಿಎಫ್‌ಎಸ್‌ಗೆ ಬದಲಿಸಲು ಬರುವುದಿಲ್ಲ. ವಿಂಡೋಸ್‌ನ ಕನ್ವರ್ಟ್ ಆಜ್ಞೆ ಫ್ಯಾಟ್ ಮತ್ತು ಫ್ಯಾಟ್32ಗೆ ಮಾತ್ರ. ಈಗ ಡಿ ಡ್ರೈವ್‌ನಲ್ಲಿ ಜಾಗ ದೊರೆತಿರುವುದರಿಂದ, ಹೊರಗಿನ ಡಿಸ್ಕ್‌ನಲ್ಲಿ ಮಾತ್ರ ಇರುವ ಫೈಲ್‌ಗಳನ್ನು, ಮುಖ್ಯವಾಗಿ ಆ ಸಹಕಾರ ಸಂಘದ ವರದಿಗಳನ್ನು, ಮೊದಲು ಡಿ ಡ್ರೈವ್‌ಗೆ ತಂದುಕೊಂಡು, ಕೆಲವನ್ನು ತೆರೆದು ನೋಡಿ, ಆಮೇಲೆ ಹೊರಗಿನದನ್ನು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ ಮತ್ತೆ ತುಂಬಿಸಬಹುದು. ಆ ಡಿಸ್ಕನ್ನು ಮ್ಯಾಕ್ ಕಂಪ್ಯೂಟರಿಗೂ ಜೋಡಿಸುವುದಿದ್ದರೆ ಎಕ್ಸ್‌ಫ್ಯಾಟ್ ಆಗಿಯೇ ಇರಲಿ, ಏಕೆಂದರೆ ಮ್ಯಾಕ್ ತಾನಾಗಿ ಎನ್‌ಟಿಎಫ್‌ಎಸ್ ಅನ್ನು ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಆಗ ಚಿತ್ರಸಂಗ್ರಹವನ್ನು ಒಂದೇ ಜಿಪ್ ಫೈಲ್ ಮಾಡಿ ಅಲ್ಲಿಡಿ. ಎರಡು ಲಕ್ಷ ಫೈಲ್‌ಗಳ ಬದಲು ಒಂದೇ ಇರುವುದರಿಂದ ವ್ಯರ್ಥವಾಗುವ ಜಾಗ ಹೆಚ್ಚೆಂದರೆ ಒಂದು ಕ್ಲಸ್ಟರಿನಷ್ಟು.